ಮಧ್ಯ ಕೈಲಾಶ್ ಸಿಗ್ನಲ್ಲಿನ ಉಸಿರು

ಬೆಳಿಗ್ಗೆ ಎಂಟೂಮುಕ್ಕಾಲಿಗೆ ಚೆನ್ನೈನ ಮಧ್ಯ ಕೈಲಾಶ್ ಜಂಕ್ಷನ್ನಿನಲ್ಲಿ ನಿಂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಎಡಕ್ಕೆ ಎಂಟಿಸಿ ಬಸ್ಸು, ಬಲಕ್ಕೆ ನೀರಿನ ಟ್ಯಾಂಕರು, ಮುಂದೆ ಐಟಿ ಕಂಪನಿಯ ವ್ಯಾನು, ಉಳಿದ ಸಂದಿಗೊಂದಿಯಲ್ಲೆಲ್ಲ ಸ್ಕೂಟರು, ಬೈಕು. ಎಲ್ಲರ ಎಂಜಿನ್ನೂ ಚಾಲೂ. ಅವುಗಳ ನಡುವೆ ಒಂದು ಸೈಕಲ್ಲು, ಅದರ ಮೇಲೆ ಅಡ್ಯಾರ್ ಸೇತುವೆ ಹತ್ತಿಳಿದು ಏದುಸಿರು ಬಿಡುತ್ತಿರುವ ನಾನು. ಉಳಿದವರೆಲ್ಲ ಕೂತಲ್ಲೇ ಕೂತು ಸಾಧಾರಣವಾಗಿ ಉಸಿರಾಡುತ್ತಿದ್ದಾರೆ. ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿರುವವನು ನಾನೊಬ್ಬನೇ.

ಆಫೀಸು ತಲುಪಿ ಬಿಳಿ ಕರ್ಚೀಫಿನಲ್ಲಿ ಮುಖ ಒರೆಸಿದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ದಿನ ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ತಮಾಷೆಗೆಂದು ಹಾಕಿದೆ. ತಮಾಷೆ ಆಗಲಿಲ್ಲ. ಐದು ನಿಮಿಷಕ್ಕೆ ದಾವಣಗೆರೆಯಿಂದ ಅಕ್ಕನ ಫೋನು.

“ಅಪ್ಪನ ದಮ್ಮು ಮರ್ತ್ಯೇನು? ಆ ಸೈಕಲ್ ತುಳ್ದೂ ತುಳ್ದೂ ಎದಿ ಹಾಳು ಮಾಡ್ಕಂಡ. ಈಗ ನೀನೂ ಶುರು ಹಚ್ಕಂಡಿ. ಸುಮ್ನೆ ಊರಿಗೆ ಬಂದ್‌ಬಿಡಪಾ, ಇಲ್ಲಿ ಗಾಳಿನಾರ ಚೆನ್ನಾಗೈತಿ.”

ಅಕ್ಕನ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಅಪ್ಪ ಇಪ್ಪತ್ತಾರು ವರ್ಷ ಒಂದು ಹತ್ತಿ ಗಿರಣಿಯಲ್ಲಿದ್ದರು, ಅದರಲ್ಲಿ ಹೆಚ್ಚು ಕಾಲ ಬ್ಲೋ ರೂಮಿನಲ್ಲಿ. ಅರಳೆಯ ಅಂಡಿಗೆಗಳನ್ನು ಬಿಚ್ಚಿ ಬಡಿದು ಕಸ ತೆಗೆಯುವ ಜಾಗ ಅದು. ಗಿರಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಧೂಳಿರುವುದು ಅಲ್ಲಿ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಕಪ್ಪು ಹರ್ಕ್ಯುಲಿಸ್ ಸೈಕಲ್ಲು. ಕೊನೆಯ ಆರೇಳು ವರ್ಷ ಅವರು ಮನೆಯ ಮೂರು ಮೆಟ್ಟಿಲು ಹತ್ತಲೂ ನಿಂತು ನಿಂತು ಹತ್ತುತ್ತಿದ್ದರು. ನನಗೆ ಚೆನ್ನಾಗಿ ನೆನಪಿರುವುದು ಸೋಮವಾರಗಳು. ಭಾನುವಾರ ರಜೆ, ಅಪ್ಪ ಆರಾಮಾಗಿರುತ್ತಿದ್ದರು. ಸೋಮವಾರ ಸಂಜೆ ಮನೆಗೆ ಬಂದರೆ ಎದೆ ಬಿಗಿ, ಕೆಮ್ಮು. “ಒಂದಿನ ಕುಂತು ಎದ್ದು ಸೈಕಲ್ ತುಳಿದ್ರೆ ಹಿಂಗಾ ಆಗೋದು” ಅಂತ ಅಮ್ಮ ಬೈಯುತ್ತಿದ್ದಳು. ಮನೆಯವರೆಲ್ಲ ಅದನ್ನೇ ನಂಬಿದ್ದೆವು. ಅಪ್ಪ ಹೋಗಿ ಎಷ್ಟೋ ವರ್ಷಗಳ ಮೇಲೆ ಎಲ್ಲೋ ಓದುವಾಗ ಗೊತ್ತಾಯಿತು: ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ರೋಗದ ಗುರುತೇ ಅದು. ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ. ನಮ್ಮ ಮನೆಯಲ್ಲಿ ಬೈಸಿಕೊಂಡದ್ದು ಮಾತ್ರ ಸೈಕಲ್ಲು.

ಆ ಸೈಕಲ್ಲು ತಯಾರಾದದ್ದು ಈ ಚೆನ್ನೈನಲ್ಲಿ ಎಂದೂ ನನಗೆ ಗೊತ್ತಿರಲಿಲ್ಲ. 1949ರಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಕಾರ್ಖಾನೆ ಊರಾಚೆಯ ಅಂಬತ್ತೂರಿನದು. ನಮ್ಮ ಕಡೆಯ ಹಾಲಿನವರು, ಪೋಸ್ಟಿನವರು, ಗಿರಣಿಯವರು ತುಳಿದ ಎಷ್ಟೋ ಹರ್ಕ್ಯುಲಿಸ್‌ಗಳು ಇಲ್ಲಿಂದಲೇ ಬಂದವು.

ನಾನು ಸೈಕಲ್ಲು ಹತ್ತಿದ್ದಕ್ಕೆ ಊರಿನ ನೆನಪಾಗಲಿ ಪರಿಸರದ ಮೇಲಿನ ಪ್ರೀತಿಯಾಗಲಿ ಕಾರಣವಲ್ಲ. 2022ರಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ 6.2 ಬಂತು. “ಇನ್ನೊಂದು ಹೆಜ್ಜೆ ಇಟ್ಟರೆ ನೀವು ನಮ್ಮವರು” ಎಂದು ಸಕ್ಕರೆ ಕಾಯಿಲೆಯ ಡಾಕ್ಟರು ನಕ್ಕರು. ಜಿಮ್ಮಿಗೆ ಎರಡು ಸಲ ದುಡ್ಡು ಕಟ್ಟಿ ಎರಡು ಸಲವೂ ಹೋಗದೆ ಉಳಿದವನು ನಾನು. ಮೈಲಾಪುರದ ಮನೆಯಿಂದ ಪೆರುಂಗುಡಿಯ ಆಫೀಸಿಗೆ ಹೆಚ್ಚುಕಡಿಮೆ ಹನ್ನೊಂದು ಕಿಲೋಮೀಟರು. ಕಾರಿನಲ್ಲಿ ಬೆಳಿಗ್ಗೆ ಐವತ್ತು ನಿಮಿಷ. ಸೈಕಲ್ಲಿನಲ್ಲಿ ನಲವತ್ತೈದು. ಈ ಲೆಕ್ಕದ ಮೇಲೆ ಗೇರಿನ ಹರ್ಕ್ಯುಲಿಸ್ ಒಂದನ್ನು ಕೊಂಡೆ. ಎಂಟು ತಿಂಗಳಿಗೆ 6.2 ಇದ್ದದ್ದು 5.7ಕ್ಕೆ ಇಳಿಯಿತು, ಪ್ಯಾಂಟಿನ ಸೊಂಟ ಎರಡು ಇಂಚು ಸಡಿಲವಾಯಿತು.

ದಾರಿ ಹೀಗಿತ್ತು: ಲಸ್ ಮೂಲೆ, ರಾಮಕೃಷ್ಣ ಮಠದ ರಸ್ತೆಯಲ್ಲಿ ಮಂದವೇಳಿ, ಗ್ರೀನ್‌ವೇಸ್ ರಸ್ತೆ ದಾಟಿ ಅಡ್ಯಾರ್ ಹೊಳೆಯ ಮೇಲಿನ ತಿರು ವಿ. ಕ. ಸೇತುವೆ, ಅಡ್ಯಾರ್ ಸಿಗ್ನಲ್ಲು, ಸರ್ದಾರ್ ಪಟೇಲ್ ರಸ್ತೆ, ಮಧ್ಯ ಕೈಲಾಶ್, ಆಮೇಲೆ ನೆಟ್ಟಗೆ ಓಎಂಆರ್. ಹೆಚ್ಚಿನ ಕಡೆ ಮೆಟ್ರೋದ ಎರಡನೇ ಹಂತದ ಕೆಲಸ. ಸುಮಾರು 119 ಕಿಲೋಮೀಟರಿನ ಮೂರು ಮಾರ್ಗಗಳಲ್ಲಿ ಒಂದು ಮಾರ್ಗ ಮಾಧವರಂನಿಂದ ಬಂದು ನನ್ನ ದಾರಿಯ ಅಡಿಯಲ್ಲೂ ಮೇಲೂ ಹಾದು ಸಿಪ್‌ಕಾಟ್‌ಗೆ ಹೋಗುತ್ತದೆ. ಹಾಗಾಗಿ ನೀಲಿ ತಗಡಿನ ಗೋಡೆ, ಕಿರಿದಾದ ರಸ್ತೆ, ಲಾರಿಯಿಂದ ಉದುರಿದ ಮಣ್ಣು, ಅದು ಒಣಗಿ ಏಳುವ ಧೂಳು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲ ವರ್ಷದ ಡಿಸೆಂಬರಿನಲ್ಲಿ ಕೆಮ್ಮು ಶುರುವಾಯಿತು. ಒಣ ಕೆಮ್ಮು, ರಾತ್ರಿ ಮಲಗಿದ ಮೇಲೆ ಹೆಚ್ಚು. ಜನವರಿಯಲ್ಲೂ ಹೋಗಲಿಲ್ಲ. ಹೆಂಡತಿ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಸೈಕಲ್ಲಿನ ಬೀಗದ ಕೀಲಿ ಮಾತ್ರ ಅದಿರುವ ಮೊಳೆಯಲ್ಲಿ ಕಾಣಿಸುತ್ತಿರಲಿಲ್ಲ. ಶ್ವಾಸಕೋಶದ ಡಾಕ್ಟರ ಹತ್ತಿರ ಹೋದೆ. ಕೊಳವೆಯೊಳಗೆ ಜೋರಾಗಿ ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆ ಆಯಿತು. ಪುಪ್ಪುಸದಲ್ಲಿ ದೊಡ್ಡ ತೊಂದರೆ ಇಲ್ಲ, ಉಸಿರಿನ ನಾಳಗಳು ಕೆರಳಿವೆ ಎಂದರು. ನಾನು ತಪ್ಪೊಪ್ಪಿಕೊಳ್ಳುವವನ ಹಾಗೆ ಸೈಕಲ್ಲಿನ ವಿಷಯ ಹೇಳಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ: ಯಾವ ರಸ್ತೆ, ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು ಹೊತ್ತು.

ಆ ಮೂರು ಪ್ರಶ್ನೆಗಳ ಹಿಂದೆ ಬಿದ್ದು ನಾನು ಆಮೇಲೆ ಓದಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಬೇಕಾದಷ್ಟು ಹೇಳುತ್ತೇನೆ.

ಕರ್ಚೀಫಿನ ಮೇಲೆ ಕಂಡ ಬೂದಿಬಣ್ಣ ಹೆಚ್ಚಾಗಿ ದಪ್ಪ ಧೂಳು, ರಸ್ತೆಯ ಮಣ್ಣು, ಮೆಟ್ರೋದ ಮಣ್ಣು. ಮೂಗು, ಗಂಟಲು ಅದರಲ್ಲಿ ಬಹುಪಾಲನ್ನು ತಡೆಯುತ್ತವೆ. ಕಣ್ಣಿಗೆ ಕಾಣದಿರುವುದು ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ; ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿನಷ್ಟು. ಡೀಸೆಲ್ ಹೊಗೆ, ಕಲ್ಲಿದ್ದಲ ಹೊಗೆ, ಕಸ ಸುಟ್ಟ ಹೊಗೆಯಲ್ಲಿ ಇರುವುದು ಇದು. ಶ್ವಾಸಕೋಶದ ತಳದ ಗಾಳಿಗೂಡುಗಳವರೆಗೆ ಇಳಿಯುತ್ತದೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿ ಕೆಟ್ಟ ಗಾಳಿಯಿಂದ ಹಾಳಾಗುವುದು ಪುಪ್ಪುಸ ಮಾತ್ರ ಅಲ್ಲ, ಹೃದಯಾಘಾತ, ಪಾರ್ಶ್ವವಾಯು ಕೂಡ ಅದರ ಲೆಕ್ಕಕ್ಕೆ ಬರುತ್ತವೆ. ಸೈಕಲ್ ತುಳಿಯುವವನ ಕಷ್ಟವೇನೆಂದರೆ ಅವನು ಎಳೆದುಕೊಳ್ಳುವ ಗಾಳಿಯೇ ಹೆಚ್ಚು. ಬೆಲ್ಜಿಯಂನಲ್ಲಿ 2010ರಲ್ಲಿ ಅಳೆದು ನೋಡಿದಾಗ, ಅದೇ ದಾರಿಯಲ್ಲಿ ಕಾರಿನಲ್ಲಿ ಕೂತವರಿಗಿಂತ ಸೈಕಲ್ಲಿನವರು ನಿಮಿಷಕ್ಕೆ 4.3 ಪಟ್ಟು ಹೆಚ್ಚು ಗಾಳಿ ಉಸಿರಾಡುತ್ತಿದ್ದರು. ಏದುಸಿರು ಬಂದಾಗ ಬಾಯಿಂದ ಉಸಿರಾಡುತ್ತೇವೆ, ಮೂಗಿನ ಜರಡಿಯೂ ತಪ್ಪಿಹೋಗುತ್ತದೆ.

ನನಗೆ ನಗಬೇಕೋ ಅಳಬೇಕೋ ತಿಳಿಯದ್ದು ಇನ್ನೊಂದು ಸಂಗತಿ. ಚೆನ್ನೈ ಮತ್ತು ದೆಹಲಿಯ ಹನ್ನೆರಡು ಸಾವಿರ ಜನರನ್ನು 2010ರಿಂದ 2017ರವರೆಗೆ ಗಮನಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ವರ್ಷದ ಸರಾಸರಿ ಪಿಎಂ 2.5 ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದ್ದಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡಾ 22ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಸಕ್ಕರೆ ಇಳಿಸಲೆಂದು ಸೈಕಲ್ಲು ಹತ್ತಿದೆ. ಸೈಕಲ್ಲಿನ ಮೇಲೆ ಕೂತು ಎಳೆದುಕೊಳ್ಳುವ ಗಾಳಿ ಸಕ್ಕರೆ ಏರಿಸುವ ಪಕ್ಷದ್ದು.

ಹಾಗಾದರೆ ಒಟ್ಟಿನಲ್ಲಿ ಲಾಭವೋ ನಷ್ಟವೋ? ಈ ಲೆಕ್ಕವನ್ನು ಕೇಂಬ್ರಿಜ್‌ನ ಮಾರ್ಕೊ ತೈನಿಯೊ ಮತ್ತು ಸಂಗಡಿಗರು 2016ರಲ್ಲಿ ಮಾಡಿದ್ದಾರೆ. ರಸ್ತೆಯ ಮೇಲೆ ಊರಿನ ಸರಾಸರಿಗಿಂತ ಕೆಟ್ಟ ಗಾಳಿ ಇರುತ್ತದೆ ಎಂಬುದನ್ನೂ ಸೇರಿಸಿಕೊಂಡ ಲೆಕ್ಕ ಅದು. ಊರಿನ ಗಾಳಿಯಲ್ಲಿ ಪಿಎಂ 2.5 ಸರಾಸರಿ 22 ಮೈಕ್ರೋಗ್ರಾಂ ಇದ್ದರೆ ಎಷ್ಟು ತುಳಿದರೂ ಲಾಭವೇ. 100 ಇದ್ದರೆ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ತುಳಿದಾಗ ನಷ್ಟ ಲಾಭವನ್ನು ಮೀರುತ್ತದೆ. ದೆಹಲಿಯಂಥ ಊರಿನಲ್ಲೂ ವಾರಕ್ಕೆ ಐದು ಗಂಟೆ ದಾಟಿದ ಮೇಲೆಯೇ ಹಾಗಾಗುವುದು.

ಒಂದೂವರೆ ಗಂಟೆ. ಹೋಗುವಾಗ ನಲವತ್ತೈದು ನಿಮಿಷ, ಬರುವಾಗ ನಲವತ್ತೈದು. ನನ್ನನ್ನೇ ನೋಡಿ ಬರೆದ ಹಾಗಿತ್ತು.

ಆದರೆ ಚೆನ್ನೈನ ವರ್ಷದ ಸರಾಸರಿ 100 ಅಲ್ಲ. ಈಚಿನ ವರ್ಷಗಳಲ್ಲಿ ಅದು ನಮ್ಮ ದೇಶದ ಮಿತಿಯಾದ 40ರ ಒಳಗೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ 5, ಅದರ ಹಲವು ಪಟ್ಟು ಹೌದು, ಆದರೂ ದೆಹಲಿಯ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ವರ್ಷ ಪೂರ್ತಿ ನೋಡಿದರೆ ಸೈಕಲ್ಲಿನಿಂದ ನನಗೆ ಲಾಭವೇ ಹೆಚ್ಚು. ಆದರೆ ಇದು ದೀರ್ಘಕಾಲದ, ಆಯುಸ್ಸಿನ ಲೆಕ್ಕ. ರಾತ್ರಿಯ ಕೆಮ್ಮು ಅದರಲ್ಲಿ ಬರುವುದಿಲ್ಲ. ಅಸ್ತಮಾ ಇರುವವರು, ಹೃದಯದ ತೊಂದರೆ ಇರುವವರು ಈ ಲೆಕ್ಕ ನಂಬಿ ಟ್ರಾಫಿಕ್ಕಿಗೆ ಇಳಿಯಬಾರದು. ಮತ್ತೆ ಡಿಸೆಂಬರ್, ಜನವರಿಯ ಬೆಳಿಗ್ಗೆ ಸರ್ದಾರ್ ಪಟೇಲ್ ರಸ್ತೆಯಲ್ಲಿ ಇರುವುದು ವರ್ಷದ ಸರಾಸರಿಯಲ್ಲ.

ಇಲ್ಲೊಂದು ಗೊಂದಲ ಹೇಳಿಬಿಡುತ್ತೇನೆ, ನಾನೇ ಬಿದ್ದ ಗುಂಡಿ ಇದು. ಮೊಬೈಲಿನಲ್ಲಿ ಕಾಣುವ ಎಕ್ಯೂಐ ಸಂಖ್ಯೆ ಬೇರೆ, ಮೈಕ್ರೋಗ್ರಾಂ ಬೇರೆ. ನಮ್ಮ ದೇಶದ ಲೆಕ್ಕದಲ್ಲಿ ಎಕ್ಯೂಐ 100 ಅಂದರೆ ಪಿಎಂ 2.5 ಕೇವಲ 60. ಪಿಎಂ 2.5 ನೂರಕ್ಕೆ ಏರಿದಾಗ ಎಕ್ಯೂಐ 230ರ ಆಸುಪಾಸು ತೋರಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪಿನಲ್ಲಿ ಆಲಂದೂರು, ವೇಳಚ್ಚೇರಿ, ಪೆರುಂಗುಡಿ, ಮಣಲಿಯ ಯಂತ್ರಗಳ ಲೆಕ್ಕ ಸಿಗುತ್ತದೆ. ಎರಡು ತಿಂಗಳು ದಿನಕ್ಕೆ ಮೂರು ಹೊತ್ತು ಅದನ್ನು ನೋಡಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಹೆಂಡತಿ ಅದನ್ನು ನನ್ನ ಪಂಚಾಂಗ ಎಂದು ಕರೆಯುತ್ತಿದ್ದಳು.

ಆ ಪಂಚಾಂಗ ನನ್ನ ಒಂದು ನಂಬಿಕೆಯನ್ನು ಕೆಡವಿತು. ಬೆಳಗಿನ ಗಾಳಿ ಶುದ್ಧ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು ನಾವು. ಚೆನ್ನೈನ ಚಳಿಗಾಲದಲ್ಲಿ ಅದು ತಲೆಕೆಳಗು. ರಾತ್ರಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅದೂ ಮೆಲ್ಲಗೆ. ನೆಲ ತಣ್ಣಗಾಗಿ ತಂಪು ಗಾಳಿಯ ಪದರ ಕೆಳಗೆ ಕೂತುಬಿಡುತ್ತದೆ, ಮೇಲೆ ಬೆಚ್ಚನೆಯ ಪದರ ಮುಚ್ಚಳದ ಹಾಗೆ. ಊರಿನ ಹೊಗೆಯೆಲ್ಲ ಆ ಮುಚ್ಚಳದ ಕೆಳಗೆ. ಎಂಟರಿಂದ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಗಾಡಿ ಹೊರಡಿಸುತ್ತಾರೆ. ಬಿಸಿಲು ಏರಿ ಮುಚ್ಚಳ ತೆರೆಯುವುದು ಆಮೇಲೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಬರುತ್ತದೆ, ಊರಿಗೆ ಉಸಿರು ಬರುತ್ತದೆ. ತಮಿಳರು ಬೇಸಿಗೆಯಲ್ಲಿ ಈ ‘ಕಡಲ್ ಕಾಟ್ರು’ ಬಂತೇ ಎಂದು ಕೇಳುವುದು ಸೆಖೆಗಾಗಿ. ನಾನು ಕೇಳುವುದು ವರ್ಷ ಪೂರ್ತಿ.

ಮಾಸ್ಕಿನ ಪ್ರಯೋಗವೂ ಆಯಿತು. ಬಟ್ಟೆಯ ಮಾಸ್ಕು ಸಣ್ಣ ಕಣಗಳಿಗೆ ಬಾಗಿಲೇ ಇಲ್ಲದ ಮನೆ. ಎನ್-95 ತಡೆಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತರೆ. ಆದರೆ ಚೆನ್ನೈನ ತೇವದಲ್ಲಿ ಹತ್ತೇ ನಿಮಿಷಕ್ಕೆ ಬೆವರು ಹೀರಿ ಒದ್ದೆಯಾಗಿ ಬಾಯಿಗೆ ಅಂಟಿಕೊಳ್ಳುತ್ತದೆ. ಸೇತುವೆ ಏರುವಾಗ ಮೂರ್ಛೆ ಹೋಗುವ ಹಾಗಾಗಿ ಕಿತ್ತು ಜೇಬಿಗೆ ಹಾಕಿದೆ. ಈಗ ಭೋಗಿಯ ದಿನಕ್ಕೆ ಮಾತ್ರ ಅದು.

ಡಾಕ್ಟರ ಮೊದಲ ಪ್ರಶ್ನೆ ರಸ್ತೆಯದಲ್ಲವೇ? ಈಗಿನ ನನ್ನ ದಾರಿ ಎರಡು ಕಿಲೋಮೀಟರು ಜಾಸ್ತಿ. ಅಡ್ಯಾರಿನಲ್ಲಿ ಮಧ್ಯ ಕೈಲಾಶ್ ಕಡೆ ತಿರುಗದೆ ಬೆಸೆಂಟ್ ಅವೆನ್ಯೂಗೆ ಇಳಿಯುತ್ತೇನೆ. ಒಂದು ಬದಿ ಥಿಯಾಸಾಫಿಕಲ್ ಸೊಸೈಟಿಯ ತೋಟ, ಒಳಗೆ ಆ ಹೆಸರಾಂತ ಆಲದ ಮರ. ಅದರ ತಾಯಿಬೊಡ್ಡೆ 1989ರ ಬಿರುಗಾಳಿಗೆ ಬಿದ್ದರೂ ಬಿಳಲುಗಳು ಕಾಡಿನಂತೆ ನಿಂತಿವೆ. ರಸ್ತೆಗೆ ಬಾಗಿದ ಮರಗಳ ಕೆಳಗೆ ಬಂದೊಡನೆ ಉಸಿರು ಬೇರೆಯಾಗುವುದು ನನಗೆ ತಿಳಿಯುತ್ತದೆ, ಅರ್ಧ ಮನಸ್ಸಿನ ಭ್ರಮೆಯೇ ಇರಲಿ. ಅಲ್ಲಿಂದ ಬೆಸೆಂಟ್ ನಗರ, ಕಲಾಕ್ಷೇತ್ರದ ರಸ್ತೆ. ಈ ದಾರಿ ಓಎಂಆರ್‌ಗೆ ಪೂರ್ವಕ್ಕಿದೆ, ಕಡಲ ಪಕ್ಕಕ್ಕಿದೆ. ಸಂಜೆ ಬೀಸುವ ಗಾಳಿ ಯಾವ ಹೆದ್ದಾರಿಯನ್ನೂ ಮುಟ್ಟದೆ ಮೊದಲು ಇಲ್ಲಿಗೆ ಬರುತ್ತದೆ, ಆಮೇಲೆ ಓಎಂಆರ್‌ನ ಹೊಗೆ ಹೊತ್ತು ವೇಳಚ್ಚೇರಿಗೆ ಹೋಗುತ್ತದೆ. ವೇಳಚ್ಚೇರಿಯ ಗೆಳೆಯರು ಕ್ಷಮಿಸಬೇಕು.

ಕಲಾಕ್ಷೇತ್ರ ದಾಟಿದರೆ ತಿರುವಾನ್ಮಿಯೂರಿನ ಮರುಂದೀಶ್ವರರ್ ದೇವಸ್ಥಾನ. ತಮಿಳಿನ ‘ಮರುಂದು’ ನಮ್ಮ ಹಳಗನ್ನಡದ ‘ಮರ್ದು’, ಈಗಿನ ಮದ್ದು. ಮದ್ದಿನ ಈಶ್ವರ. ಅಗಸ್ತ್ಯರಿಗೆ ಶಿವನು ಮೂಲಿಕೆಗಳ ಗುಣವನ್ನು ಇಲ್ಲಿ ಹೇಳಿಕೊಟ್ಟ ಎಂಬುದು ಸ್ಥಳಪುರಾಣ. ದಿನಾ ಬೆಳಿಗ್ಗೆ ಅವನ ಗೋಪುರದ ಮುಂದೆ ಒಂದು ಕಾಲು ಊರಿ ನಿಂತು ನೀರು ಕುಡಿಯುತ್ತೇನೆ. ಆಮೇಲೆ ಒಳಬೀದಿಗಳಲ್ಲಿ ಸುತ್ತಿ, ಕೊನೆಯ ಸ್ವಲ್ಪ ದೂರಕ್ಕೆ ಮಾತ್ರ ಓಎಂಆರ್. ಅಲ್ಲಿ ಸಿಗ್ನಲ್ಲು ಬಿದ್ದರೆ ಬಸ್ಸಿನ ಹಿಂದೆ ನಿಲ್ಲುವುದಿಲ್ಲ, ಫುಟ್‌ಪಾತಿನ ಪಕ್ಕಕ್ಕೆ ಇಳಿದು ದೂಡಿಕೊಂಡು ಮುಂದೆ ಹೋಗುತ್ತೇನೆ. ಹೊಗೆಯ ಕೊಳವೆಯಿಂದ ಹತ್ತು ಮಾರು ದೂರ ಸರಿದರೂ ವ್ಯತ್ಯಾಸವಿದೆ.

ಹೊತ್ತನ್ನೂ ಬದಲಿಸಿದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹತ್ತರ ಮೇಲೆ ಹೊರಡುತ್ತೇನೆ, ಮ್ಯಾನೇಜರಿಗೆ ಹೇಳಿ ಒಪ್ಪಿಸಿದ್ದೇನೆ. ಬೇಸಿಗೆಯಲ್ಲಿ ಆರೂಕಾಲಿಗೇ. ಆಗ ಹೊಗೆಗಿಂತ ಬಿಸಿಲಿನ ಭಯ ದೊಡ್ಡದು, ಅದರಲ್ಲೂ ಮೇ ತಿಂಗಳ ಅಗ್ನಿ ನಕ್ಷತ್ರದ ದಿನಗಳಲ್ಲಿ. ಎರಡನೇ ಚಳಿಗಾಲದಲ್ಲಿ ಕೆಮ್ಮು ಬರಲಿಲ್ಲ. ಒಬ್ಬನ ಅನುಭವ ಪುರಾವೆಯಲ್ಲ ಅಂತ ಗೊತ್ತು. ಕೀಲಿ ಮೊಳೆಗೆ ವಾಪಸು ಬಂತು, ಅಷ್ಟು ಹೇಳಬಲ್ಲೆ.

ಇದನ್ನೆಲ್ಲ ಒಂದು ಸಂಜೆ ಆಫೀಸಿನ ಪಕ್ಕದ ಟೀ ಅಂಗಡಿಯಲ್ಲಿ ಉತ್ಸಾಹದಿಂದ ವಿವರಿಸುತ್ತಿದ್ದೆ. ಕೇಳುತ್ತಿದ್ದವರು ಎದುರು ಕಟ್ಟಡದ ವಾಚ್‌ಮನ್, ಅರವತ್ತರ ಹತ್ತಿರದವರು, ಪಳ್ಳಿಕ್ಕರಣೆಯಿಂದ ಸೈಕಲ್ಲಿನಲ್ಲಿ ಬರುತ್ತಾರೆ. ಪೂರ್ತಿ ಕೇಳಿಸಿಕೊಂಡು, “ಸಾರ್, ನನಗೆ ಎಂಟಕ್ಕೆ ಡ್ಯೂಟಿ. ಗಾಳಿ ಹತ್ತಕ್ಕೆ ಬಂದರೆ ನಾನೇನು ಮಾಡಲಿ?” ಎಂದರು. ಕೋಪದಿಂದಲ್ಲ, ನಗುತ್ತಾ. 2022ರ ಏಪ್ರಿಲ್ ಕೊನೆಗೆ ಪೆರುಂಗುಡಿಯ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತಲ್ಲ, ಆಗಲೂ ಅವರು ಅದೇ ಹೊಗೆಯೊಳಗೆ ಸೈಕಲ್ಲಿನಲ್ಲಿ ಬಂದವರು, ಟವಲು ಮೂಗಿಗೆ ಕಟ್ಟಿಕೊಂಡು. ಹೊಗೆಗೆ ತಮಿಳಿನಲ್ಲಿ ‘ಪುಗೈ’. ಅವರ ಬಾಯಲ್ಲಿ ಆ ಮಾತು ಕೇಳಿದಾಗ ನಮ್ಮದೇ ಮಾತು ಹಳೇ ಬಟ್ಟೆಯಲ್ಲಿ ಬಂದ ಹಾಗಿತ್ತು.

ಅಂದಿನಿಂದ ರಸ್ತೆಯಲ್ಲಿ ನನಗೆ ಇತರ ಸೈಕಲ್ಲುಗಳು ಕಾಣತೊಡಗಿದವು. ಮೊದಲು ಕಾಣುತ್ತಿದ್ದುದು ಹೆಲ್ಮೆಟ್ಟು ಹಾಕಿ ಭಾನುವಾರ ಇಸಿಆರ್‌ಗೆ ಹೋಗುವವರು ಮಾತ್ರ. ಬೆಳಿಗ್ಗೆ ಎಂಟರ ಸರ್ದಾರ್ ಪಟೇಲ್ ರಸ್ತೆಯ ಸೈಕಲ್ಲಿನವರು ಬೇರೆ: ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿಕೊಂಡ ಮನೆಗೆಲಸದ ಹೆಂಗಸರು, ಮೆಟ್ರೋ ಕೆಲಸದ ಉತ್ತರದ ಹುಡುಗರು, ಪೈಪು ಅಡ್ಡ ಕಟ್ಟಿದ ಪ್ಲಂಬರು, ಸರ್ಕಾರ ಕೊಟ್ಟ ಸೈಕಲ್ಲಿನ ಮೇಲೆ ಹನ್ನೊಂದನೇ ಕ್ಲಾಸಿನ ಮಕ್ಕಳು. ನಮ್ಮಲ್ಲಿ 2006ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ಲು ಕೊಡಲು ಶುರು ಮಾಡಿದ ಹಾಗೆ, ಇಲ್ಲಿ ಹನ್ನೊಂದನೆಯವರಿಗೆ ಕೊಡುತ್ತಾರೆ. ಒಳ್ಳೆಯ ಯೋಜನೆ. ಸ್ಕೂಲಿನ ಗಂಟೆ ಹೊಡೆಯುವುದು ಮಾತ್ರ ಗಾಳಿ ಅತಿ ಕೆಟ್ಟಿರುವ ಹೊತ್ತಿಗೆ. ನನ್ನಂತೆ ಎರಡು ಕಿಲೋಮೀಟರು ಬಳಸಿ ಬರಲು ಇವರಲ್ಲಿ ಯಾರಿಗೂ ಹೊತ್ತಿಲ್ಲ.

2024ರ ಫೆಬ್ರವರಿಯ ಒಂದು ಭಾನುವಾರ, ಊರಿನ ಇನ್ನೊಂದು ತುದಿ ನೋಡೋಣವೆಂದು ಉತ್ತರಕ್ಕೆ ತಿರುಗಿಸಿದೆ. ಮರೀನಾದ ಉದ್ದಕ್ಕೂ ಹಾಯಾದ ಗಾಳಿ. ಮದ್ರಾಸ್ ವಿಶ್ವವಿದ್ಯಾಲಯದ ಕಟ್ಟಡಗಳು ಬಂದಾಗ ಕನ್ನಡ ವಿಭಾಗ ಇಲ್ಲೇ ಎಲ್ಲೋ ಇದೆ ಎಂದು ಅಭ್ಯಾಸದಂತೆ ಕತ್ತು ತಿರುಗಿತು. ಕಿಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ್ದು ಆ ವಿಭಾಗದಲ್ಲಿದ್ದು. ರಾಯಪುರಂ, ಕಾಶಿಮೇಡು ದಾಟಿದ ಮೇಲೆ ಎಣ್ಣೂರಿನ ರಸ್ತೆಯಲ್ಲಿ ಕಂಟೇನರ್ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಒಂದು ಬದಿಗೆ ಕಡಲು, ಅದೇ ಕಡಲು, ಆದರೆ ಬಾಯಲ್ಲಿ ಡೀಸೆಲ್ಲಿನ ರುಚಿ. ಎಡಗಡೆ ಒಳಗೆ ಮಣಲಿಯ ತೈಲ ಶುದ್ಧೀಕರಣದ ಚಿಮಣಿಗಳು, ಮುಂದೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು, ಅಳಿವೆಯಲ್ಲಿ ಹಾರುಬೂದಿ. ಗಾಯಕ ಟಿ.ಎಂ. ಕೃಷ್ಣ 2017ರಲ್ಲಿ ಪೊರಂಬೋಕು ಹಾಡನ್ನು ಹಾಡಿದ್ದು ಈ ಅಳಿವೆಯ ಕುರಿತೇ.

ಎರಡು ತಿಂಗಳ ಹಿಂದೆ, 2023ರ ಡಿಸೆಂಬರ್ 26ರ ರಾತ್ರಿ, ಗೊಬ್ಬರ ಕಾರ್ಖಾನೆಯೊಂದರ ಕಡಲಿನೊಳಗಿನ ಪೈಪಿನಿಂದ ಅಮೋನಿಯಾ ಸೋರಿ ಪೆರಿಯಕುಪ್ಪಂ, ಚಿನ್ನಕುಪ್ಪಂನ ಜನ ಕಣ್ಣುರಿ, ಉಸಿರುಗಟ್ಟಿ ಮಧ್ಯರಾತ್ರಿ ಮನೆ ಬಿಟ್ಟು ಓಡಿದ್ದರು. ಹಲವರು ಆಸ್ಪತ್ರೆ ಸೇರಿದ್ದರು. ಟೀ ಅಂಗಡಿಯ ಹೆಂಗಸು ನನ್ನ ಸೈಕಲ್ಲು, ಹೆಲ್ಮೆಟ್ಟು ನೋಡಿ ಎಲ್ಲಿಂದ ಬಂದಿರಿ ಎಂದು ಕೇಳಿದಳು. ಮೈಲಾಪುರ, ವ್ಯಾಯಾಮಕ್ಕೆ ಎಂದೆ. “ವ್ಯಾಯಾಮಕ್ಕೆ ಇಲ್ಲಿಗಾ?” ಎಂದು ಪಕ್ಕದವನ ಮುಖ ನೋಡಿದಳು. ಅವನೂ ನಕ್ಕ. ನನಗೆ ಮೈಯೆಲ್ಲ ನಾಚಿಕೆ. ವಾಪಸು ಬರುವಾಗ ಬೇಗ ಬೇಗ ತುಳಿಯುತ್ತಿದ್ದೆ. ಆ ಗಾಳಿಯಿಂದ ಬೇಗ ಪಾರಾಗಬೇಕೆಂದು ಎಂಬುದು ಮರೀನಾ ಬಂದ ಮೇಲೆ ಗೊತ್ತಾಯಿತು.

ಪಾರಾಗಲು ಯಾರಿಗೂ ಆಗದ ಒಂದು ದಿನವಿದೆ, ಭೋಗಿ. ಪೊಂಗಲ್ ಹಿಂದಿನ ಬೆಳಗಿನ ಜಾವ ಹಳೆಯ ಚಾಪೆ, ಬುಟ್ಟಿ ಸುಡುವ ಹಬ್ಬ. ಚಾಪೆ ಇದ್ದ ಕಾಲದಲ್ಲಿ ಸರಿಯಿತ್ತು, ಈಗ ಪ್ಲಾಸ್ಟಿಕ್ಕು, ಟೈರು, ಟ್ಯೂಬು ಸೇರಿವೆ. ವರ್ಷದ ಅತಿ ಕೆಟ್ಟ ಮುಚ್ಚಳದ ಕಾಲದಲ್ಲಿ, ದಿನದ ಅತಿ ಕೆಟ್ಟ ಹೊತ್ತಿಗೆ ಊರೆಲ್ಲ ಬೆಂಕಿ. 2018ರ ಭೋಗಿಯಂದು ರನ್‌ವೇ ಕಾಣದೆ ವಿಮಾನಗಳು ತಡವಾದವು, ಕೆಲವು ಬೇರೆ ಊರಿಗೆ ತಿರುಗಿದವು. ಈಚೆಗೆ ಟೈರು ಸುಡಬೇಡಿ ಎಂದು ಮಂಡಳಿಯವರು ಪ್ರಚಾರ ಮಾಡುತ್ತಾರೆ, ಸ್ವಲ್ಪ ಕಡಿಮೆಯಾಗಿದೆ ಅನ್ನಿಸುತ್ತದೆ. ನಮ್ಮ ಬೀದಿಯ ಮಕ್ಕಳು ಇನ್ನೂ ಚರ್ಮದ ಸಣ್ಣ ತಮಟೆ ಬಡಿಯುತ್ತಾ ಬೆಂಕಿಯ ಸುತ್ತ ಕುಣಿಯುತ್ತಾರೆ. ಕಿಟಕಿ ಹಾಕಿಕೊಂಡು ನೋಡುತ್ತೇನೆ.

ಕಳೆದ ಮೇನಲ್ಲಿ ದಾವಣಗೆರೆಗೆ ಹೋದಾಗ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅಪ್ಪನ ಸೋಮವಾರಗಳ ವಿಷಯವನ್ನೂ ಹೇಳಿದೆ. ಅವಳು ಮಂಡಕ್ಕಿ ಹಚ್ಚುತ್ತಿದ್ದ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅವ್ವ ಸುಮ್‌ಸುಮ್ನೆ ಬೈದ್ಲು ಹಂಗಾರೆ” ಅಂದಳು. ಆಮೇಲೆ ಊರಿನ ಗಾಳಿಯ ಮಾತು ಬಂತು. 2019ರಲ್ಲಿ ಕೇಂದ್ರ ಸರ್ಕಾರ ಗಾಳಿ ಸುಧಾರಿಸಬೇಕಾದ ನಗರಗಳ ಪಟ್ಟಿಯೊಂದಿಗೆ ಶುದ್ಧ ಗಾಳಿಯ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಿಂದ ನಾಲ್ಕು ಊರುಗಳಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಫೋನಿನಲ್ಲಿ ತೋರಿಸಿದೆ. ಮಂಡಕ್ಕಿ ಭಟ್ಟಿಗಳಲ್ಲಿ ಟೈರು ಸುಡುತ್ತಿದ್ದ ಕಾಲದ ಕರಿ ಹೊಗೆ ನೆನಪಿಸಿದೆ. ಕನ್ನಡಕ ಏರಿಸಿ ನೋಡಿದಳು.

“ಪಟ್ಟೀಲಿ ಇದ್ರೆ ಏನಾತು? ನಮ್ಮೂರ ಗಾಳಿ ನಮ್ಮೂರ್ದು.”

ಇದಕ್ಕೆ ನನ್ನ ಪಂಚಾಂಗದಲ್ಲಿ ಉತ್ತರವಿರಲಿಲ್ಲ. ಹೊರಡುವ ಹಿಂದಿನ ಸಂಜೆ ಹಿತ್ತಲಿಗೆ ಕರೆದುಕೊಂಡು ಹೋದಳು. ಸೌದೆಯ ಹಿಂದೆ ಅಪ್ಪನ ಹರ್ಕ್ಯುಲಿಸ್. ಟೈರು ಬಿರಿದಿದ್ದವು, ಬೆಲ್ಲು ಇನ್ನೂ ಬಾರಿಸುತ್ತಿತ್ತು. “ಟೈರು, ಬ್ರೇಕು ಹಾಕ್ಸಿಕೊಟ್ಟು ಹೋಗು. ಮೊಮ್ಮಗ ಈ ವರ್ಷ ಹೈಸ್ಕೂಲು, ಸೈಕಲ್ ಬೇಕು ಅಂತಾನೆ” ಎಂದಳು.

ಯಾವ ದಾರಿಯಲ್ಲಿ ಹೋಗುತ್ತಾನೆ ಎಂದು ಕೇಳಿದೆ.

“ಪಿ.ಬಿ. ರೋಡಿಗೆ ಬ್ಯಾಡ ಅಂದೀನಿ,” ಅಂದಳು ಅಕ್ಕ. “ಒಳಗಿಂದ ಸುತ್ತಾಕ್ಕಂಡು ಹೋಗ್ಲಿ.”